ಹದಿನಾರು ಅಂಕಣದಿಂದ ಎರಡು ಕೋಣೆಗೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಮನೆಯ ವಿಸ್ತಾರವನ್ನು ಚದರಡಿಗಳಲ್ಲಿ ಹೇಳುವ ವಾಡಿಕೆ ಇರಲಿಲ್ಲ. ಕಂಬದಿಂದ ಕಂಬಕ್ಕೆ ಇರುವ ಜಾಗಕ್ಕೆ ಅಂಕಣವೆಂದು ಹೆಸರು. ಇಷ್ಟು ಅಂಕಣದ ಮನೆ ಎಂದೊಡನೆ ಕೇಳಿದವರಿಗೆ ಮನೆಯ ಅಳತೆಯ ಜೊತೆಗೆ ಮನೆತನದ ಅಳತೆಯೂ ತಿಳಿದುಬಿಡುತ್ತಿತ್ತು. ಗದಗ ಜಿಲ್ಲೆಯ ನಮ್ಮ ಊರಿನಲ್ಲಿ ನಮ್ಮದು ಹದಿನಾರು ಅಂಕಣದ ಮನೆ. ಮುಂದೆ ಕಟ್ಟೆ, ಒಳಗೆ ದನಗಳ ಗೋದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ನಡುಮನೆ, ದೇವರಮನೆ, ಬೆಳಕಿಂಡಿಯಿಂದ ಮಾತ್ರ ಬೆಳಕು ಬೀಳುವ ಅಡಿಗೆಮನೆ. ನನ್ನ ಅಜ್ಜನ ಕಾಲದಲ್ಲಿ ಅಲ್ಲಿ ಹತ್ತೊಂಬತ್ತು ಜನ ಇದ್ದರಂತೆ. ನಾನು ನಿವೃತ್ತನಾದ 2010ರಲ್ಲಿ ನಾವಿಬ್ಬರೇ ಉಳಿದಿದ್ದೆವು. ಹುಟ್ಟಿ ಬೆಳೆದ ಆ ಮನೆಯನ್ನು ಬಿಟ್ಟು, ಹುಬ್ಬಳ್ಳಿಯ ಒಂದು ವಸತಿ ಕಟ್ಟಡದ ಎರಡನೆಯ ಅಂತಸ್ತಿನಲ್ಲಿ ಒಂದು ಕೋಣೆ, ಒಂದು ಅಡಿಗೆಮನೆಯಷ್ಟೇ ಇರುವ ಮನೆಗೆ ನಾವು ಬಂದದ್ದು 2018ರಲ್ಲಿ. ಹೀಗೆ ಬಂದವರು ನಾವೊಬ್ಬರೇ ಅಲ್ಲ. ಈ ಪುಟಗಳನ್ನು ಓದುವ ಅನೇಕ ಹಿರಿಯರು ಇಂದಲ್ಲ ನಾಳೆ ಇಂಥದೇ ಹೊಸ್ತಿಲನ್ನು ದಾಟಬೇಕಾಗಿ ಬರಬಹುದೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಊರು ಬಿಡಲು ಕಾರಣ ನನ್ನ ಮನೆಯವರ ಕಣ್ಣು. 2016ರಲ್ಲಿ ಅವರಿಗೆ ಗ್ಲಾಕೋಮ ಇರುವುದಾಗಿ ವೈದ್ಯರು ಹೇಳಿದರು. ದೃಷ್ಟಿನರವು ಮೆಲ್ಲಮೆಲ್ಲನೆ ಕ್ಷೀಣಿಸುವ ರೋಗವದು. ಕಣ್ಣಿನ ಒಳಗಿನ ಒತ್ತಡ ಹೆಚ್ಚುವುದು ಅದಕ್ಕೆ ಮುಖ್ಯ ಕಾರಣ. ಬಹಳ ಮಂದಿಯಲ್ಲಿ ನೋವಿಲ್ಲ, ಕೆಂಪಿಲ್ಲ, ಸೂಚನೆಯಿಲ್ಲ. ಮೊದಲು ಹೋಗುವುದು ಪಕ್ಕದ ನೋಟ. ನಡುವಿನ ನೋಟ ಬಹುಕಾಲ ಉಳಿದಿರುತ್ತದೆ. ಆದುದರಿಂದಲೇ ನಾನು ಎರಡು ವರ್ಷ ಮೋಸಹೋದೆ. ಸೂಜಿಗೆ ದಾರ ಪೋಣಿಸಬಲ್ಲವರು ಮಗ್ಗುಲಲ್ಲೇ ಇದ್ದ ಕೊಡವನ್ನು ಎಡವಿದರೆ, ಅದನ್ನು ಅಜಾಗರೂಕತೆ ಎಂದೇ ತಿಳಿದು ಗದರಿಸಿದ್ದುಂಟು. ಒಮ್ಮೆ ಹೋದ ನೋಟ ಮರಳಿ ಬರುವುದಿಲ್ಲ. ಹನಿ ಔಷಧಿ, ಲೇಸರ್, ಶಸ್ತ್ರಚಿಕಿತ್ಸೆ ಇವೆಲ್ಲ ಉಳಿದುದನ್ನು ಕಾಯಲಿಕ್ಕೆ ಮಾತ್ರ. ತಿಂಗಳು ಎರಡು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವುದು, ಹದಿನಾರು ಅಂಕಣದ ಮಬ್ಬುಗತ್ತಲೆಯಲ್ಲಿ, ಹೊಸ್ತಿಲಿಗೊಂದು ಏರು ಹೊಸ್ತಿಲಿಗೊಂದು ಇಳಿಜಾರು ಇರುವ ಮನೆಯಲ್ಲಿ ತಿರುಗಾಡುವುದು, ಎರಡೂ ಅವರಿಂದ ಆಗದ ಮಾತಾದವು. ಮಗ ಪುಣೆಯಲ್ಲಿದ್ದಾನೆ. ಅಲ್ಲಿಗೆ ಕರೆದ. ಭಾಷೆ ಬರದ ಊರಿನಲ್ಲಿ ಕಣ್ಣೂ ಇಲ್ಲದೆ ಇರಲಾರೆನೆಂದು ಆಕೆ ಒಪ್ಪಲಿಲ್ಲ.

ಕೊಂಡ ಮನೆಯ ಕಾಗದದಲ್ಲಿ 560 ಚದರಡಿ ಎಂದಿತ್ತು. ನಾನು ಪಟ್ಟಿ ಹಿಡಿದು ಗೋಡೆಯಿಂದ ಗೋಡೆಗೆ ಅಳೆದಾಗ ಸಿಕ್ಕದ್ದು 392. ಉಳಿದುದು ಮೆಟ್ಟಿಲು, ಮೊಗಸಾಲೆ, ಗೋಡೆಯ ದಪ್ಪ ಇವುಗಳಲ್ಲಿ ನಮ್ಮ ಪಾಲು ಎಂದು ಮಾರಿದವರು ವಿವರಿಸಿದರು. ಮೆಟ್ಟಿಲಿನಲ್ಲಿ ನನ್ನ ಪಾಲಿನ ಮೇಲೆ ನಾನು ಹಾಸಿಗೆ ಹಾಸಲು ಬರುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಕಾರ ಹೊಸ ಮನೆ ಮಾರುವವರು ಒಳಗಿನ ಬಳಕೆಯ ಜಾಗವನ್ನು, ಅಂದರೆ ಕಾರ್ಪೆಟ್ ಏರಿಯಾವನ್ನು, ಸ್ಪಷ್ಟವಾಗಿ ತಿಳಿಸಬೇಕು. ನಮ್ಮದು ಹಳೆಯ ಕಟ್ಟಡ, ಎರಡನೆಯ ಕೈಯ ಖರೀದಿ. ಮನೆ ಕೊಳ್ಳುವ ಹಿರಿಯರು ಕಾಗದವನ್ನು ಓದುವ ಮುನ್ನ ಪಟ್ಟಿಯನ್ನು ಹಿಡಿಯುವುದು ಲೇಸು.

ಸಾಮಾನು ಆರಿಸುವ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹಗೇವು ಮಣ್ಣಿನಲ್ಲಿಯೇ ಉಳಿಯತಕ್ಕದ್ದು, ಅದರ ಚಿಂತೆಯಿಲ್ಲ. ಒಳಕಲ್ಲೂ ಹಾಗೆಯೇ. ನೀರು ಕಾಸುವ ತಾಮ್ರದ ಹಂಡೆ ತಮ್ಮನ ಮನೆಗೆ ಹೋಯಿತು. ಬೀಸುವ ಕಲ್ಲಿನ ವಿಷಯ ಬಂದಾಗ ಆಕೆ ಒಂದು ದಿನವೆಲ್ಲ ಮಾತಾಡಲಿಲ್ಲ. ಅದು ಅವರ ಅತ್ತೆಯವರದು, ಎಂದರೆ ನನ್ನ ತಾಯಿಯದು. ಮದುವೆಯಾಗಿ ಬಂದ ಮೊದಲ ವರ್ಷ ಇಬ್ಬರೂ ಎದುರುಬದುರು ಕುಳಿತು ಅದರ ಗೂಟ ಹಿಡಿದವರು. ಎರಡನೆಯ ಅಂತಸ್ತಿಗೆ ಬೀಸುವ ಕಲ್ಲು ಏಕೆ, ಗಿರಣಿ ಕೂಗಳತೆಯಲ್ಲಿದೆ ಎಂದು ನಾನು ಲೆಕ್ಕ ಹೇಳಿದೆ. ಅದು ಸರಿಯಾದ ಲೆಕ್ಕವೇ. ಆದರೆ ಆ ಲೆಕ್ಕ ಹೇಳಿದವನು ಅದೇ ವಾರ ತನ್ನ ಆರುನೂರು ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ, ಹೊಲಿದು, ಮೇಲೆ ಗುರುತು ಬರೆದು ಲಾರಿಗೆ ಏರಿಸಿದ. ಆಕೆ ಅದನ್ನು ಕಂಡರು, ಏನೂ ಅನ್ನಲಿಲ್ಲ. ಮೂರು ವರ್ಷದ ಮೇಲೆ ಅಂದರು, ಅದನ್ನು ಮುಂದೆ ಹೇಳುತ್ತೇನೆ.

ಇಕ್ಕಟ್ಟಿನ ಬಾಳು ನನಗೆ ಹೊಸದಾಗಿರಲಿಲ್ಲ. 1972ರಿಂದ ಮೂರು ವರ್ಷ ನಾನು ಮುಂಬಯಿಯಲ್ಲಿ ಗುಮಾಸ್ತನಾಗಿ ದುಡಿದವನು. ನನ್ನ ಕಾಕಾ ಅಲ್ಲಿ ಬಟ್ಟೆ ಗಿರಣಿಯ ಕೆಲಸಗಾರರು. ಡಿಲೈಲ್ ರೋಡಿನ ಬಿ.ಡಿ.ಡಿ. ಚಾಳಿನಲ್ಲಿ ಅವರ ವಾಸ. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಸರಕಾರಿ ಇಲಾಖೆ 1920ರ ದಶಕದಲ್ಲಿ ವರಳಿ, ನಾಯಗಾಂವ, ಶಿವಡಿ ಮತ್ತು ಡಿಲೈಲ್ ರೋಡುಗಳಲ್ಲಿ ಕಟ್ಟಿಸಿದ 207 ಚಾಳುಗಳಲ್ಲಿ ಅದೊಂದು. ನೆಲ ಅಂತಸ್ತು, ಮೇಲೆ ಮೂರು ಅಂತಸ್ತು. ಅಂತಸ್ತಿಗೆ ಇಪ್ಪತ್ತರಂತೆ ಎಂಬತ್ತು ಕೋಣೆ. ಕೋಣೆ ಒಂದಕ್ಕೆ 160 ಚದರಡಿ. ನಡುವೆ ಉದ್ದನೆಯ ಓಣಿಯಂಥ ಮೊಗಸಾಲೆ. ಶೌಚಗೃಹಗಳು ಅಂತಸ್ತಿಗೆಲ್ಲ ಸಾಮಾನ್ಯ. ಕೋಣೆಯ ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು, ಅದಕ್ಕೆ ಮೋರಿ ಎನ್ನುತ್ತಿದ್ದರು. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಅಲ್ಲಿಯೇ. ಆ ಕೋಣೆಯಲ್ಲಿ ಕಾಕಾ, ಕಾಕು, ಅವರ ಮೂವರು ಮಕ್ಕಳು, ನಾನು, ನಮ್ಮೂರಿನ ಇನ್ನೊಬ್ಬ ಹುಡುಗ, ಹೀಗೆ ಏಳು ಜನ.

ಏಳು ಜನಕ್ಕೆ ಜಾಗ ಸಾಲುವುದು ಹೇಗೆ ಎಂದರೆ, ಏಳು ಜನರೂ ಒಂದೇ ಹೊತ್ತಿಗೆ ಒಂದೇ ಕೆಲಸಕ್ಕೆ ಜಾಗ ಕೇಳದಂತೆ ನೋಡಿಕೊಂಡು. ಇದು ಕಾಕುವಿನ ವಿದ್ಯೆ. ನಸುಕಿನಲ್ಲಿ ನಳ ಬರುವ ಹೊತ್ತು ಕೋಣೆ ನೀರಿನದು. ಅದು ಮುಗಿದು ಎಂಟರವರೆಗೆ ರೊಟ್ಟಿಯದು. ಆಗ ಒಳಗೆ ಕಾಲಿಡುವ ಅಧಿಕಾರ ಯಾರಿಗೂ ಇಲ್ಲ. ಕಾಕಾ ರಾತ್ರಿ ಪಾಳಿ ಮುಗಿಸಿ ಬಂದರೆ ಹಗಲೆಲ್ಲ ಕೋಣೆ ಅವರ ನಿದ್ರೆಯದು. ಮಕ್ಕಳು ಮೊಗಸಾಲೆಯಲ್ಲಿ ಓದುವರು, ಕಾಕು ಬಾಗಿಲ ಹೊರಗೆ ಕುಳಿತು ಧಾನ್ಯ ಹಸನು ಮಾಡುವರು. ಸಂಜೆ ಮತ್ತೆ ಒಲೆಯದು. ರಾತ್ರಿ ಹತ್ತಕ್ಕೆ ಎಲ್ಲರ ಹಾಸಿಗೆಗಳೂ ಬಿಚ್ಚಿಕೊಂಡು ನೆಲವೆಂಬುದೇ ಕಾಣದಂತಾಗುತ್ತಿತ್ತು. ನಾವು ಹುಡುಗರಿಬ್ಬರೂ ಮೊಗಸಾಲೆಯಲ್ಲಿ, ಬೇಸಿಗೆಯಾದರೆ ಮಾಳಿಗೆಯ ಮೇಲೆ. ಬೆಳಿಗ್ಗೆ ಹಾಸಿಗೆ ಸುತ್ತಿ ಅಟ್ಟಕ್ಕೆ ಎಸೆಯದೆ ಯಾರೂ ಬಚ್ಚಲಿಗೆ ಹೋಗತಕ್ಕದ್ದಲ್ಲ. ಹಗಲು ನೆಲದ ಮೇಲೆ ಇದ್ದುದು ರಾತ್ರಿ ಇರಬಾರದು, ರಾತ್ರಿ ಇದ್ದುದು ಹಗಲು ಇರಬಾರದು. ಕಾಕು ಹೆಚ್ಚು ಮಾತಿನವರಲ್ಲ, ಈ ಒಂದು ಕಟ್ಟಳೆಯನ್ನು ಮಾತ್ರ ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಕಾಂಕ್ರೀಟಿನ ಗೋಡೆಗೆ ಮೊಳೆ ಹೊಡೆಯುವುದು ಸುಲಭವಿರಲಿಲ್ಲ. ಬಾಗಿಲ ಮೇಲಿನಿಂದ ಕಿಟಕಿಯವರೆಗೆ ಎರಡು ಬಿದಿರಿನ ಗಳ ಕಟ್ಟಿ ಅವುಗಳ ಮೇಲೆ ಬಟ್ಟೆ, ಚೀಲ, ಊರಿನಿಂದ ಬಂದ ಉಳ್ಳಾಗಡ್ಡಿ ಗೊಂಚಲು, ಎಲ್ಲ ತೂಗುಬಿದ್ದಿರುತ್ತಿದ್ದವು. ಹಳ್ಳಿಯ ನೆಲುವು ಮುಂಬಯಿಯಲ್ಲಿ ಹೀಗೆ ಬದುಕಿತ್ತು. ಒಬ್ಬೊಬ್ಬರಿಗೆ ಒಂದೊಂದು ಟ್ರಂಕು. ಅದರಲ್ಲಿ ಹಿಡಿಸದ್ದು ಅವನದಲ್ಲ.

ಕಾಕಾ ಪಾಳಿಯಿಂದ ಬಂದು ಸ್ನಾನ ಮಾಡಿ, ಒಂದು ಹಳೆಯ ಸೀರೆಯನ್ನು ಗಳಕ್ಕೆ ಇಳಿಬಿಟ್ಟು ಅದರ ಹಿಂದೆ ಮಣೆಯ ಮೇಲೆ ಲಿಂಗಪೂಜೆಗೆ ಕೂಡ್ರುತ್ತಿದ್ದರು. ಒಂದು ಮಣೆಯ ಅಗಲ, ಅಷ್ಟೇ. ಅಂಗೈಯೇ ಪೀಠವಾದವರಿಗೆ ಅದಕ್ಕಿಂತ ಹೆಚ್ಚು ಬೇಡ. ಆ ಕಾಲು ಗಂಟೆ ಸೀರೆಯ ಈಚೆ ಮಕ್ಕಳು ಪಿಸುಮಾತಿಗೂ ಹೊರಗೆ ಹೋಗುತ್ತಿದ್ದುದನ್ನು ನೋಡಿದ್ದೇನೆ. ಊರಿನ ನಮ್ಮ ಮನೆಯಲ್ಲಿ ದೇವರಮನೆಯೇ ಬೇರೆ ಇದ್ದರೂ ಅಷ್ಟು ಮೌನ ಇರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

1982ರ ಜನವರಿಯಲ್ಲಿ ಆರಂಭವಾದ ಗಿರಣಿ ಕೆಲಸಗಾರರ ಮುಷ್ಕರದ ತರುವಾಯ ಕಾಕಾ ಊರಿಗೆ ಮರಳಿದರು. ಗಿರಣಿಗಳು ಮೊದಲಿನಂತೆ ಮತ್ತೆ ತೆರೆಯಲೇ ಇಲ್ಲ. ಈಗ ಆ ಚಾಳುಗಳನ್ನು ಕೆಡವಿ 500 ಚದರಡಿಯ ಹೊಸ ಮನೆಗಳನ್ನು ಕಟ್ಟುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ವರಳಿಯ 556 ಕುಟುಂಬಗಳಿಗೆ ಕೀಲಿಕೈ ಕೊಟ್ಟರು. ಆ ಸುದ್ದಿ ಓದಿದ ದಿನ ಕಾಕು ಇದ್ದಿದ್ದರೆ ಇಷ್ಟು ದೊಡ್ಡ ಮನೆ ಗುಡಿಸುವವರಾರು ಎನ್ನುತ್ತಿದ್ದರೇನೋ ಎಂದುಕೊಂಡೆ.

ಹೀಗೆ ಅನುಭವವಿದ್ದವನೆಂಬ ಗರ್ವದಿಂದಲೇ ನಾನು ಹುಬ್ಬಳ್ಳಿಯ ಮನೆಯನ್ನು ಅಣಿಗೊಳಿಸಿದೆ. ಅಡಿಗೆಮನೆಯ ಮಟ್ಟಿಗೆ ಕೆಲಸ ಕೆಟ್ಟದಾಗಲಿಲ್ಲ. ನಾನು ಹಿಂದೊಮ್ಮೆ ಓದಿದ್ದೆ: ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರಿಗಾಗಿ ಮನೆ ಕಟ್ಟುವಾಗ, 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ಒಂದು ಸಣ್ಣ ಅಡಿಗೆಮನೆಯನ್ನು ಯೋಜಿಸಿದರು. ಅಗಲ 2 ಮೀಟರಿಗೂ ಕಡಿಮೆ, ಉದ್ದ ಸುಮಾರು ಮೂರೂವರೆ ಮೀಟರು. ರೈಲಿನ ಊಟದ ಡಬ್ಬಿಯ ಅಡಿಗೆಕಟ್ಟೆಯನ್ನು ನೋಡಿ, ಅಡಿಗೆ ಮಾಡುವವಳ ಹೆಜ್ಜೆಗಳನ್ನು ಎಣಿಸಿ ಅದನ್ನು ರಚಿಸಿದರಂತೆ. ನಾನು ಆಕೆಯನ್ನು ಒಲೆಯ ಮುಂದೆ ನಿಲ್ಲಿಸಿ, ಕಾಲು ಕದಲಿಸದೆ ಕೈ ಎಲ್ಲಿಯವರೆಗೆ ಹೋಗುವುದೋ ಅಲ್ಲಿಗೆ ಸುಣ್ಣದ ಗುರುತು ಮಾಡಿದೆ. ದಿನಬಳಕೆಯದು ಆ ಗುರುತಿನ ಒಳಗೆ. ವಾರಕ್ಕೊಮ್ಮೆ ಬೇಕಾಗುವುದು ಹೊರಗೆ. ಹಬ್ಬದ ಪಾತ್ರೆಗಳು ಅಟ್ಟದ ಮೇಲೆ. ಹದಿನಾರು ಅಂಕಣದ ಮನೆಯಲ್ಲಿ ಉಪ್ಪು ಒಂದು ಗೂಡಿನಲ್ಲಿ, ಖಾರ ಇನ್ನೊಂದು ಕೋಣೆಯ ಗೂಡಿನಲ್ಲಿ ಇದ್ದುದನ್ನು ನೆನೆದು ಆಕೆಯೇ ನಕ್ಕರು. ನಲವತ್ತು ವರ್ಷ ಸುಮ್ಮನೆ ನಡೆದೆನಲ್ಲ ಎಂದರು.

ಕೋಣೆಯ ಮಾತು ಬೇರೆ. ಎರಡು ಕಿರಿದಾದ ಮಂಚ, ನಡುವೆ ಒಂದು ಮೇಜು. ಉಳಿದ ಉದ್ದನೆಯ ಗೋಡೆಗೆಲ್ಲ ನನ್ನ ಪುಸ್ತಕದ ಕಪಾಟುಗಳು. ಅವು ಒಂದು ಅಡಿ ಎರಡು ಅಂಗುಲ ಮುಂದೆ ಚಾಚಿದ್ದವು. ಅಡಿಗೆಮನೆಯ ಬಾಗಿಲಿಗೆ ಹೋಗುವ ದಾರಿ ಅಷ್ಟೇ ಕಿರಿದಾಗಿತ್ತು. ಕಣ್ಣಿನ ಪಕ್ಕದ ನೋಟ ಹೋದವರಿಗೆ ಒಂದು ಅಡಿ ಎರಡು ಅಂಗುಲ ಎಂದರೇನೆಂಬುದನ್ನು ನಾನು ಯೋಚಿಸಲಿಲ್ಲ. ಆಕೆಯ ಎಡಗೈಯ ಮೊಣಕೈ ಬಳಿ ಆಗಾಗ ಕಂದಿರುತ್ತಿತ್ತು. ಕೇಳಿದರೆ, ಏನೋ ತಾಗಿತು ಎನ್ನುತ್ತಿದ್ದರು.

2021ರ ದೀಪಾವಳಿಯ ಹಿಂದಿನ ದಿನ ಕೋಣೆಯ ದೀಪ ಕೆಟ್ಟಿತು. ನಾನು ಸ್ಟೂಲು ಹಾಕಿಕೊಂಡು ದೀಪ ಬದಲಿಸಿದೆ. ಇಳಿದವನು ಸ್ಟೂಲನ್ನು ತೆಗೆದಿಡದೆ ಹಳೆಯ ದೀಪವನ್ನು ಚೆಲ್ಲಿ ಬರಲು ಕೆಳಗೆ ಹೋದೆ. ಅಲ್ಲಿ ನೆರೆಯವರೊಬ್ಬರ ಸಂಗಡ ಮಾತಿಗೆ ನಿಂತೆ. ಸ್ಟೂಲು ಇದ್ದುದು ಕಪಾಟಿಗೂ ಮಂಚಕ್ಕೂ ನಡುವಿನ ಆ ದಾರಿಯಲ್ಲಿಯೇ. ಆಕೆ ಚಹದ ಪಾತ್ರೆ ಹಿಡಿದು ಬಂದರು. ಮೆಟ್ಟಿಲು ಹತ್ತುವಾಗಲೇ ನನಗೆ ಪಾತ್ರೆ ಬಿದ್ದ ಸಪ್ಪಳ ಕೇಳಿಸಿತು. ಬಲ ಮಣಿಕಟ್ಟಿನ ಎಲುಬು ಮುರಿದಿತ್ತು. ಪಾದದ ಮೇಲೆ ಚಹ ಬಿದ್ದು ಬೊಬ್ಬೆ ಎದ್ದಿತ್ತು. ಆರು ವಾರ ಪ್ಲಾಸ್ಟರು. ಆ ಆರು ವಾರ ಅಡಿಗೆ ಮಾಡಿದವನು ನಾನು. ರೊಟ್ಟಿ ತಟ್ಟಲು ಬಾರದೆ ಅನ್ನವನ್ನೇ ಉಣಿಸಿದೆ.

ಬಿದ್ದ ದಿನ ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಸ್ಪತ್ರೆಯಿಂದ ಬಂದು ಮಂಚದ ಮೇಲೆ ಕುಳಿತ ಮೇಲೆ, "ಸ್ಟೂಲಿಗೆ ಕಣ್ಣಿಲ್ಲ, ನನಗೂ ಈಗ ಅಷ್ಟಕ್ಕಷ್ಟ. ಮನ್ಯಾಗ ಕಣ್ಣಿದ್ದವರು ನೀವೊಬ್ಬರs ಇದ್ರಿ," ಎಂದರು. ಬಳಿಕ ಸ್ವಲ್ಪ ತಡೆದು, "ಬೀಸೂಕಲ್ಲಿಗೆ ಜಾಗಾ ಇರಲಿಲ್ಲ. ಇವಕ್ಕೆಲ್ಲಾ ಹ್ಯಾಂಗ ಆತ್ರಿ?" ಎಂದು ಕಪಾಟಿನ ಕಡೆಗೆ ಕೈ ಮಾಡಿದರು. ಮೂರು ವರ್ಷ ಹಿಡಿದಿಟ್ಟ ಮಾತು ಅದು. ನನ್ನಲ್ಲಿ ಉತ್ತರವಿರಲಿಲ್ಲ.

ಪ್ಲಾಸ್ಟರು ಬಿಚ್ಚುವ ಮೊದಲೇ ಪುಸ್ತಕಗಳನ್ನು ನಾನು ದುಡಿದ ಪ್ರೌಢಶಾಲೆಗೆ ಕಳಿಸಿದೆ. ಅಲ್ಲಿಯವರು ಸಂತೋಷದಿಂದ ಇಟ್ಟುಕೊಂಡರು. ನಲವತ್ತು ಮಾತ್ರ ಉಳಿದಿವೆ, ನನ್ನ ಮಂಚದ ಕೆಳಗಿನ ಟ್ರಂಕಿನಲ್ಲಿ. ಅದರಲ್ಲಿ ಹಿಡಿಸದ್ದು ನನ್ನದಲ್ಲ. ಬರಿದಾದ ಗೋಡೆಗೆ ಸೊಂಟದೆತ್ತರದಲ್ಲಿ ಮರದ ಒಂದು ಕೈಹಿಡಿಯನ್ನು ಮಂಚದಿಂದ ಅಡಿಗೆಮನೆಯವರೆಗೂ, ಅಲ್ಲಿಂದ ಬಚ್ಚಲಿನವರೆಗೂ ಕೂಡಿಸಿದೆವು. ತೆರೆದು ನಿಲ್ಲುವ ಬಾಗಿಲಿನ ಅಂಚು ಅವರಿಗೆ ಕಾಣುವುದೇ ಇಲ್ಲವಾದ್ದರಿಂದ ಕೆಳಗಿನ ಗೂಡುಗಳ ಬಾಗಿಲುಗಳನ್ನು ತೆಗೆದು ಪರದೆ ಇಳಿಬಿಟ್ಟೆವು. ಬಚ್ಚಲಿನ ಹೊಸ್ತಿಲಿಗೆ ಹಳದಿ ಬಣ್ಣದ ಪಟ್ಟಿ ಬಳಿದೆವು. ಉಪ್ಪು ಪಿಂಗಾಣಿಯ ಜಾಡಿಯಲ್ಲಿ, ಸಕ್ಕರೆ ಉಕ್ಕಿನ ಡಬ್ಬಿಯಲ್ಲಿ. ಮುಟ್ಟಿದ ಕೂಡಲೆ ಯಾವುದು ಯಾವುದೆಂದು ತಿಳಿಯಬೇಕು. ಕಣ್ಣಿನ ಹನಿಯ ಬಾಟಲಿ ಎರಡು: ಬೆಳಿಗ್ಗೆಯದಕ್ಕೆ ಒಂದು ರಬ್ಬರು ಬ್ಯಾಂಡು, ರಾತ್ರಿಯದಕ್ಕೆ ಎರಡು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಕಡೆಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಬೇಕೆಂದು ವೈದ್ಯರು ಹೇಳಿದ್ದಾರೆ, ಔಷಧಿ ಗಂಟಲಿಗೆ ಇಳಿಯದೆ ಕಣ್ಣಿನಲ್ಲಿಯೇ ಉಳಿಯಲೆಂದು. ಆ ಹೊತ್ತು ನಾವಿಬ್ಬರೂ ಮಾತಾಡುವುದಿಲ್ಲ. ನಾನು ಗಡಿಯಾರ ನೋಡುತ್ತಿರುತ್ತೇನೆ.

ಆಗ ನನಗೆ ಒಂದು ಸಂಗತಿ ಹೊಳೆಯಿತು. ಜಾಗ ಸಣ್ಣದಾದುದು ಕಷ್ಟವೆಂದು ತಿಳಿದಿದ್ದೆ. ಆದರೆ ಹದಿನಾರು ಅಂಕಣವನ್ನು ಯಾರೂ ಕೈಯಿಂದ ಅರಿಯಲಾರರು. 392 ಚದರಡಿಯನ್ನು ಆಕೆ ಪೂರಾ ಅರಿತಿದ್ದಾರೆ. ಮಂಚದಿಂದ ಒಲೆಗೆ ಹನ್ನೊಂದು ಹೆಜ್ಜೆ, ಒಲೆಯಿಂದ ಬಚ್ಚಲಿಗೆ ಏಳು. ನೋಟ ಇನ್ನೂ ಸ್ವಲ್ಪ ಇರುವಾಗಲೇ ಅವರು ಕಣ್ಣು ಮುಚ್ಚಿ ನಡೆದು ಅಭ್ಯಾಸ ಮಾಡತೊಡಗಿದರು. ಮೊದಲ ದಿನ ಅದನ್ನು ನೋಡಿ ನನಗೆ ಸಂಕಟವಾಯಿತು. "ಈಗs ಕಲತರ ಆಮ್ಯಾಲೆ ಅಂಜಿಕಿ ಇರೂದಿಲ್ಲ," ಎಂದರು. ಇದರಿಂದಾಗಿ ವಸ್ತುವಿನ ನೆಲೆ ತಪ್ಪಿಸುವುದು ನಮ್ಮ ಮನೆಯಲ್ಲಿ ದೊಡ್ಡ ಅಪರಾಧವಾಗಿದೆ. ರಾತ್ರಿ ಮಲಗುವ ಮುನ್ನ ನಾನು ದೀಪ ಆರಿಸಿ, ಬರಿಗಾಲಿನಲ್ಲಿ, ಕೈಹಿಡಿಯನ್ನು ಮುಟ್ಟುತ್ತ ಒಂದು ಸುತ್ತು ಬರುತ್ತೇನೆ. ಕಾಲಿಗೆ ಏನಾದರೂ ತಾಗಿದರೆ ಅದು ನಾನೇ ಇಟ್ಟು ಮರೆತದ್ದಾಗಿರುತ್ತದೆ.

ನಷ್ಟಗಳೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಬಂದ ಅತಿಥಿಯನ್ನು ರಾತ್ರಿ ಉಳಿಯಿರಿ ಎನ್ನಲಾಗದು. ಊರಿನ ಮನೆಯಲ್ಲಿ ಯಾರು ಯಾವ ಹೊತ್ತಿಗೆ ಬಂದರೂ ಪಡಸಾಲೆಯಲ್ಲಿ ಕಂಬಳಿ ಬೀಳುತ್ತಿತ್ತು. ಇಲ್ಲಿ ಬೀಗರು ಬಂದಾಗ ಊಟ ಮುಗಿದೊಡನೆ ಬಸ್ಸಿನ ವೇಳೆಯನ್ನು ವಿಚಾರಿಸಬೇಕಾಗುತ್ತದೆ, ಅದು ನಾಲಿಗೆಗೆ ಕಹಿ. ಇನ್ನೊಂದು, ಜಗಳವಾಡಿದ ಮೇಲೆ ಹೋಗಿ ಕೂಡ್ರಲು ಸ್ಥಳವಿಲ್ಲ. ಮೊದಲು ನಾನು ಹೊರಗಿನ ಕಟ್ಟೆಗೆ ಹೋಗುತ್ತಿದ್ದೆ, ಆಕೆ ಹಿತ್ತಲಿಗೆ. ಸಂಜೆಗೆ ಇಬ್ಬರೂ ಮರೆತಿರುತ್ತಿದ್ದೆವು. ಈಗ ನಾನು ಮೆಟ್ಟಿಲ ಮೇಲೆ ಹೋಗಿ ಕೂಡ್ರುತ್ತೇನೆ. ಮೇಲಿನ ಅಂತಸ್ತಿನ ಹುಡುಗರು ಇಳಿದು ಹೋಗುವಾಗ, "ಅಜ್ಜಾರ, ಇವತ್ತೂ ಆತೇನ್ರಿ?" ಎಂದು ಕೇಳುತ್ತಾರೆ. ಮೆಟ್ಟಿಲಿನಲ್ಲಿ ನನ್ನ ಪಾಲು ಇದೆಯೆಂದು ಕಾಗದದಲ್ಲಿ ಬರೆದುದು ಹೀಗೆ ಉಪಯೋಗಕ್ಕೆ ಬಂತು.

ಬೀಸುವ ಕಲ್ಲು ಊರಿನಲ್ಲಿ ತಮ್ಮನ ಹಿತ್ತಲಲ್ಲಿದೆ. ಕಳೆದ ವರ್ಷ ಅದನ್ನು ತರಿಸೋಣವೇ, ಗೋಡೆ ಬರಿದಿದೆಯಲ್ಲ ಎಂದು ನಾನು ಕೇಳಿದೆ. ಈಗ ಅದೇಕೆ, ಕಾಲಿಗೆ ತಾಗುತ್ತದೆ ಎಂದರು. ತಾಯಿಯವರ ಹಳೆಯ ಸೀರೆಗಳಿಂದ ಹೊಲಿದ ಕೌದಿಯೊಂದನ್ನು ಮಾತ್ರ ತರಿಸಿಕೊಂಡರು. ಹಗಲು ಅದು ಮಡಿಕೆಯಾಗಿ ದಿಂಬಿನ ಕೆಳಗೆ ಇರುತ್ತದೆ.

ಮೊನ್ನೆ ಮಗ ಪುಣೆಯಿಂದ ಬಂದವನು ಒಂದು ಹೊಸ ಕಪಾಟು ಮಾಡಿಸಿ ಕೊಡುತ್ತೇನೆಂದು ಪಟ್ಟಿ ಹಿಡಿದು ಗೋಡೆ ಅಳೆದ. ಎಷ್ಟು ಮುಂದೆ ಬರುತ್ತದೆ ಎಂದು ಆಕೆ ಕೇಳಿದರು. ಒಂದಡಿ ಎಂದ. ಬೇಡವೆಂದರು. ಅವನು ಫೋನು ಬಂತೆಂದು ಹೊರಗೆ ಹೋದ. ಪಟ್ಟಿ ನೆಲದ ಮೇಲೆಯೇ ಉಳಿಯಿತು. ನಾನು ಎದ್ದು ಹೋಗಿ ಅದನ್ನು ತೆಗೆದು ಗೂಟಕ್ಕೆ ಹಾಕಿದೆ.